ಆರ್ಲೀನಾ ಅತ್ತೆಯ ನಲವತ್ತೆರಡನೆಯ ಕಲ್ಲು

ಆರ್ಲೀನಾ ಅತ್ತೆಯ ಬಾಯಲ್ಲಿ ‘ಸುಮಾರು’ ಎಂಬ ಮಾತೇ ಇರಲಿಲ್ಲ. ಗಣಿಯಲ್ಲಿ ಸತ್ತ ಗಂಡನ ದೊಗಳೆ ಕೋಟನ್ನು ಜೂನ್ ತಿಂಗಳಲ್ಲೂ ತೊಟ್ಟು, ಎಡಗಾಲು ತುಸು ಎಳೆಯುತ್ತ, ಇಟ್ಟ ಹೆಜ್ಜೆಗಳನ್ನು ತುಟಿಯಲ್ಲೇ ಎಣಿಸುತ್ತ ನಡೆಯುವ ಈ ಸ್ಟಿಡಮ್ ಮನೆಯ ಸೊಸೆ, ಊರಿನ ಯಾವ ಶವಸಂಸ್ಕಾರದಲ್ಲೂ ಪಾದ್ರಿ ಸತ್ತವನ ಸದ್ಗುಣಗಳನ್ನು ಕೊಂಡಾಡುವಾಗ “ಕುಡೀತಿದ್ದ, ಅದನ್ನೂ ಹೇಳಿ” ಎಂದು ನಡುವೆಯೇ ತಿದ್ದುವವಳು. ನನ್ನ ಮದುವೆಯ ಒಣಸೇಬಿನ ಕೇಕು ಒಳಗೆ ಹಸಿಯಿದೆಯೆಂದು ಬೀಗರೆದುರೇ ಸಾರಿದಳು. ಹಸಿಯಾಗಿದ್ದದ್ದು ನಿಜ, ಆ ಸಿಟ್ಟು ಮಾತ್ರ ನನಗಿನ್ನೂ ಇಳಿದಿಲ್ಲ.

ನಮ್ಮ ಸಾರ್ವಿಸ್ ಫೋರ್ಕ್ ಎಂಬ ಗುಡ್ಡಗಾಡಿನ ಹಳ್ಳಿಗೆ ಪುರಸಭೆಯಿಲ್ಲ, ಮೇಯರಿಲ್ಲ, ಗುಡ್ಡದ ಗೋರಿಗಳಿಗೆ ಹೆಸರು ಕೆತ್ತಿದ ಫಲಕವೂ ಇಲ್ಲ. ತಲೆಗೊಂದು ಕಾಡುಗಲ್ಲು, ಅಷ್ಟೆ. ಯಾರೆಲ್ಲಿ ಮಲಗಿದ್ದಾರೆಂಬ ದಾಖಲೆಯೆಲ್ಲ ಅತ್ತೆಯ ತಲೆಯಲ್ಲಿತ್ತು. ಮೇ ಕೊನೆಯ ಭಾನುವಾರ ಹುಲ್ಲು ಹೆರೆದು, ಕಾಗದದ ಹೂವಿಟ್ಟು, ಗೋರಿಗಳ ನಡುವೆಯೇ ನಾವು ಊಟಕ್ಕೆ ಕೂರುವ ಮೊದಲು ಆಕೆ ನಲವತ್ತೊಂದು ಹೆಸರನ್ನೂ ಸಾಲಾಗಿ ಹೇಳುತ್ತಿದ್ದಳು. ಗಂಡನ ಮಗ್ಗುಲಿಗೆ ಬಂದಾಗ “ಇದು ನಂದು” ಎಂದು ಖಾಲಿ ಜಾಗವನ್ನು ಕೋಲಿನಿಂದ ತಟ್ಟುವಳು.

ಗುಡ್ಡದ ನೆತ್ತಿಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯಹೊರಟ ಕಂಪನಿ ಒಂದು ವರ್ಷ ಅಳತೆಯವನನ್ನು ಕಳಿಸಿತು. ಗೋರಿಯ ಸುತ್ತ ನೂರಡಿ ಬಿಡಬೇಕೆಂಬುದು ಕಾನೂನು. ಮೇಲಿನ ಕೊನೆಯ ಗೋರಿಯಿಂದ ಟೇಪು ಹಿಡಿದರೆ, ಊರಿಗೆಲ್ಲ ಕುಡಿಯುವ ನೀರು ಕೊಡುವ ಒರತೆ ಆ ನೂರಡಿಯ ಗಡಿಯಿಂದ ಇಪ್ಪತ್ತಡಿ ಆಚೆಗೆ, ಕಂಪನಿಯ ಪಾಲಿಗೆ ಉಳಿಯಿತು. ಅತ್ತೆ ಹದಿನಾಲ್ಕು ಹೆಜ್ಜೆ ಮೇಲೆ ನಡೆದು, ಜರಿಗಿಡಗಳ ನಡುವೆ ಕೋಲೂರಿ ನಿಂತಳು.

“ಇಲ್ಲೊಂದಿದೆ, ಬರ್ಕೊ.”

“ಕಲ್ಲೆಲ್ಲಮ್ಮಾ?”

“ಇನ್ನೂ ಇಟ್ಟಿಲ್ಲ.”

“ಯಾರದ್ದು?”

“ಸ್ಟಿಡಮ್ ಮನೆ ಹೆಂಗಸಿಂದು.”

ಅವನು ಬರೆದುಕೊಂಡ. ಗಡಿಯ ಗೂಟ ಒರತೆಯ ಆಚೆಗೆ ಹೋಯಿತು. ಇಳಿಯುವಾಗ ನನಗೆ ತಡೆಯಲಾಗಲಿಲ್ಲ. “ನೀನೂ ಸುಳ್ಳು ಹೇಳಿದ್ಯಲ್ಲ ಅತ್ತೆ!” ಎಂದೆ.

“ಸುಳ್ಳಲ್ವೋ,” ಎಂದಳು, ಹೆಜ್ಜೆ ಎಣಿಸುವುದನ್ನು ನಿಲ್ಲಿಸಿ. “ಸ್ವಲ್ಪ ಮುಂಚೆ ಹೇಳ್ದೆ, ಅಷ್ಟೆ.”

ಮರುವರ್ಷ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಹೆಪ್ಪುಗಟ್ಟಿದ ನೆಲವನ್ನು ನಾವು ಅಗೆದದ್ದು ಜರಿಗಿಡಗಳ ನಡುವೆ. ಗಂಡನ ಮಗ್ಗುಲು ಇಂದಿಗೂ ಖಾಲಿ. ಕಲ್ಲು ಹೊತ್ತು ಹೋಗುವಾಗ ನಾನು ಅತ್ತುಬಿಟ್ಟೆ.

ನಿಜದ ಹಟ ಹಿಡಿದವರೊಡನೆ ಬಾಳುವುದು ಕಷ್ಟ. ಊಟದ ರುಚಿಯನ್ನೂ ಹೆಣದ ಮರ್ಯಾದೆಯನ್ನೂ ಅವರು ಉಳಿಸುವುದಿಲ್ಲ. ಆದರೆ ಅಂಥವರು ಊರಿಗಾಗಿ ಒಂದು ಸುಳ್ಳಾಡಬೇಕಾಗಿ ಬಂದರೆ, ಅದು ಸುಳ್ಳಾಗಿ ಉಳಿಯದಂತೆ ತಾವೇ ಹೋಗಿ ಅದರೊಳಗೆ ಮಲಗುತ್ತಾರೆ.