ಅತ್ತೆಯ ನಾಲಿಗೆಯೋ ಮಾವನ ನಾಲಿಗೆಯೋ

ಅತ್ತೆಯ ಕೈಗೆ ಉಪ್ಪಿನ ಅಂದಾಜು ತಪ್ಪಿದೆ ಎಂದು ಮಾವ. ಮಾವನ ನಾಲಿಗೆಯೇ ಕೆಟ್ಟಿದೆ ಎಂದು ಅತ್ತೆ. ತಿಂಗಳಿಂದ ಉಣ್ಣುವ ಹೊತ್ತಿಗೆ ಇದೇ ಹಾಡು. ಕಡೆಗೆ ಒಪ್ಪಂದವಾಯಿತು: ನಾನು ಕೆಲಸ ಮಾಡುವ ರುಚಿ ಪರೀಕ್ಷೆಯ ಪ್ರಯೋಗಾಲಯಕ್ಕೆ ಇಬ್ಬರೂ ಬರುವುದು, ಅತ್ತೆ ಸೋತರೆ ಒಲೆ ಮಾವನ ಪಾಲು, ಮಾವ ಸೋತರೆ ಬಾಯಿ ಮುಚ್ಚಿಕೊಂಡು ಉಣ್ಣುವುದು. ನೀರು ಕಾಯಿಸಿದರೂ ಸೀಯಿಸುವ ಮಾವ ಗೆದ್ದರೆ ಮನೆಯ ಗತಿ ಏನೆಂದು ಯಾರೂ ಯೋಚಿಸಿರಲಿಲ್ಲ.

ನಮಗೂ ವಯಸ್ಸಾದವರೇ ಬೇಕಿತ್ತು. ಸೂಪಿನಲ್ಲಿ ಉಪ್ಪು ಕಡಿಮೆ ಮಾಡಿದರೆ ಹಿರಿಯರಿಗೆ ಗೊತ್ತಾಗುತ್ತದೆಯೇ ಎಂದು ನೋಡುವ ಕೆಲಸ. ಮೂರು ಲೋಟ ಕೊಡುತ್ತೇವೆ. ಎರಡರಲ್ಲಿ ಒಂದೇ ಸೂಪು, ಒಂದರಲ್ಲಿ ಬೇರೆ. ಬೇರೆಯದನ್ನು ಹುಡುಕಬೇಕು. ಬಣ್ಣ ಚಾಡಿ ಹೇಳದಿರಲೆಂದು ಕೆಂಪು ದೀಪ, ಪಕ್ಕದವರು ಹೇಳಿಕೊಡದಿರಲೆಂದು ನಡುವೆ ಹಲಗೆ.

ಬಾಗಿಲಲ್ಲೇ ಅತ್ತೆ ನನ್ನ ತೋಳು ಹಿಡಿದರು. “ನೋಡೋ, ನಾನು ಸೋತ್ರೆ ಇವರೆದುರಿಗೆ ಹೇಳ್ಬೇಡ. ಆ ಒಲೆ ಒಂದು ಬಿಟ್ರೆ ಮನೇಲಿ ನನ್ನ ಮಾತು ಕೇಳೋದು ಇನ್ಯಾವುದಿದೆ?”

“ಏನದು ಗುಸುಗುಸು? ಲಂಚಾನಾ?” ಎಂದರು ಮಾವ, ಹಲಗೆಯಾಚೆ ಕುಳಿತು.

ಸುತ್ತಿನ ಮೇಲೆ ಸುತ್ತು ನಡೆಯಿತು. ಇಬ್ಬರದೂ ಎಲ್ಲವೂ ಸರಿ! ನನಗೆ ತಲೆ ಕೆಟ್ಟಿತು. ಇಬ್ಬರ ನಾಲಿಗೆಯೂ ಇಷ್ಟು ಚುರುಕಾಗಿದ್ದರೆ ತಿಂಗಳಿಂದ ಜಗಳ ಯಾತಕ್ಕೆ? ಲೋಟ ಒಳಗೆ ತಳ್ಳುವ ಕಿಂಡಿಯಿಂದ ಇಣುಕಿದೆ. ಮಾವ ಒಂದು ಗುಟುಕು ಕುಡಿದು ಕುರ್ಚಿಯ ಹಿಂದಕ್ಕೆ ಒರಗಿದರು. ಆಚೆ ಅತ್ತೆಯೂ ಒರಗಿದರು. ಹಲಗೆಯ ಹಿಂದೆ ಎರಡು ಮುಖ ಎದುರುಬದುರು. ಮಾವನ ಹುಬ್ಬು ಕೊಂಚ ಮೇಲಕ್ಕೆ ಹೋಯಿತು. ಅತ್ತೆ ತಕ್ಷಣ ತಮ್ಮ ಸಾಲಿನ ಅದೇ ಲೋಟಕ್ಕೆ ಬೆರಳು ತಾಗಿಸಿದರು. ಮುಂದಿನ ಸಲ ಅತ್ತೆಯ ತುಟಿ ಸೊಟ್ಟಗಾಯಿತು. ಮಾವ ಲೋಟ ಆರಿಸಿದರು.

“ಕಾಪಿ ಹೊಡೀತಿದ್ದೀರಾ?” ಎಂದೆ.

“ಕಾಪಿ ಎಂಥದು?” ಅತ್ತೆಗೆ ನಿಜಕ್ಕೂ ಅರ್ಥವಾಗಲಿಲ್ಲ. “ಉಪ್ಪು ನೋಡೋದು ಅಂದ್ರೆ ಇವರ ಮುಖ ನೋಡೋದು ತಾನೇ? ಮದುವೆ ಆದಾಗಿಂದ ಹಾಗೇ ನೋಡಿರೋದು. ಈಗೀಗ ಫೋನಿನೊಳಗೆ ಮುಖ ಹುದುಗಿಸ್ಕೊಂಡು ತಿಂತಾರೆ, ನಾನೇನು ಮಾಡ್ಲಿ?”

ಒಬ್ಬರನ್ನು ಈ ಮೂಲೆಗೆ, ಒಬ್ಬರನ್ನು ಆ ಮೂಲೆಗೆ ಕೂರಿಸಿ ಮತ್ತೆ ಶುರುಮಾಡಿದೆ. ಅತ್ತೆ ತಪ್ಪಿದರು. ಮಾವನೂ ತಪ್ಪಿದರು. ಮತ್ತೆ ಅತ್ತೆ, ಮತ್ತೆ ಮಾವ. ಕುರುಡ ಕಲ್ಲೆಸೆದ ಹಾಗೆ ಎಲ್ಲೋ ಒಂದೊಂದು ತಗುಲಿದ್ದು ಬಿಟ್ಟರೆ ಉಳಿದದ್ದೆಲ್ಲ ಗುರಿ ತಪ್ಪಿದ್ದೇ.

ನಮ್ಮ ಮೇಡಂ ಬಂದು ನೋಡಿದರು. ಅವರು ಮಾತಾಡುವುದೇ ಮೂಗಿನಲ್ಲಿ. “ಇದೇಂನಿದು? ಎರಡು ಸೊಂನ್ನೆ ಸೇಂರಿ ನೂರು ಹೇಂಗಾಯ್ತು?”

“ಗೊಂತ್ತಿಲ್ಲ ಮೇಡಂ” ಎಂದೆ. ನನ್ನ ಮೂಗೂ ಅವರ ಪಕ್ಷ ಸೇರಿದ್ದು ಆಮೇಲೆ ತಿಳಿಯಿತು. ಪುಣ್ಯಕ್ಕೆ ಅವರು ಅಂಕಿಗಳಲ್ಲೇ ಮುಳುಗಿದ್ದರು. ಕಡೆಗೆ ಇಬ್ಬರನ್ನೂ ಲೆಕ್ಕದಿಂದ ಕೈಬಿಡಲು ಹೇಳಿ ಹೋದರು.

“ಅಂದ್ರೆ ಸೋತದ್ದು ಯಾರು?” ಮಾವ ಎದ್ದು ನಿಂತರು.

“ಇಬ್ಬರೂ.”

“ಇಬ್ಬರೂ ಫೇಲಾದ್ರೆ ಮೇಷ್ಟ್ರೇ ಸರಿಯಿಲ್ಲ ಅಂತ ಅರ್ಥ.”

ಅತ್ತೆ ನಗಲಿಲ್ಲ. “ಒಲೆ?” ಎಂದರು, ಸಣ್ಣ ದನಿಯಲ್ಲಿ.

ಮಾವ ಅವರನ್ನೇ ನೋಡಿದರು. “ನಿನ್ನ ಹತ್ರಾನೇ ಇರ್ಲಿ, ಮಾರಾಯ್ತಿ. ಫೋನೂ ದೂರ ಇಡ್ತೀನಿ, ನನ್ನ ಮುಖ ನೋಡ್ಕೊಂಡೇ ಹಾಕು.” ನಾಲ್ಕು ಹೆಜ್ಜೆ ಹೋಗಿ ತಟ್ಟನೆ ನಿಂತರು. “ಅಲ್ವೇ, ನನ್ನ ನಾಲಿಗೇನೂ ಹೋಗಿದ್ರೆ ಈ ಮುಖ ನೋಡಿ ಏನು ಬಂತು?”

ಅತ್ತೆ ನನ್ನ ಕಡೆ ತಿರುಗಿದರು, ನಾನು ಮಾವನ ಕಡೆ. ಮಾವ ಕೆಂಪು ದೀಪವನ್ನು ನೋಡುತ್ತಿದ್ದರು.

“ರಾತ್ರಿ ಊಟಕ್ಕೆ ನಮ್ಮನೆಗೇ ಬಾರೋ. ನನ್ನೆದುರಿಗೆ ಕೂತ್ಕೋ” ಎಂದರು ಅತ್ತೆ. “ಹೊಟ್ಟೆ ತುಂಬ ತಿನ್ಲೇಬೇಕು ಅಂತೇನಿಲ್ಲ. ಮುಖ ತಂದ್ರೆ ಸಾಕು.”

ಬೆಳಗ್ಗೆಯಿಂದ ಲೋಟಕ್ಕೆ ಹಾಕುವ ಮೊದಲು ಪ್ರತಿ ಸೂಪನ್ನೂ ಚಪ್ಪರಿಸಿ ನನ್ನ ನಾಲಿಗೆಗೆ ಉಪ್ಪೂ ಒಂದೇ ನೀರೂ ಒಂದೇ ಆಗಿತ್ತು. ಬರುತ್ತೇನೆ ಎಂದುಬಿಟ್ಟೆ.