ನಾಲ್ಕೂವರೆ ಅಂದರೆ ಐದಲ್ಲವೇ?

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನವರು ಹೇಳುತ್ತಾರೆ. ಹೇಳಲಿ ಬಿಡಿ. ನಮ್ಮಣ್ಣ ಕಲ್ಮೇಶನಂಥ ಅಣ್ಣನಿದ್ದರೆ ಕಲ್ಲಿಗೂ ಸಿಟ್ಟು ಬರುತ್ತದೆ. ಒಂದೇ ಒಂದು ಕಾರ್ಡಿಗಾಗಿ ನಾವಿಬ್ಬರೂ ಚಿಕ್ಕಂದಿನಿಂದ ಕಚ್ಚಾಡುತ್ತ ಬಂದಿದ್ದೇವೆ. ಈಗ ಇಬ್ಬರ ತಲೆಯೂ ನೆರೆತಿದೆ, ಜಗಳ ಮಾತ್ರ ಇನ್ನೂ ಹಸಿಯಾಗಿದೆ.

ಆಗ ಬಬಲ್‌ಗಮ್ ಪೊಟ್ಟಣದೊಳಗೆ ಕ್ರಿಕೆಟ್ ಆಟಗಾರರ ಚಿತ್ರವಿದ್ದ ಕಾರ್ಡುಗಳು ಬರುತ್ತಿದ್ದವು. ದೊಡವಾಡದ ನಮ್ಮ ಓಣಿಯಲ್ಲಿ ಅವುಗಳದೇ ಒಂದು ಆಟವಿತ್ತು. ಗೆರೆಯ ಹಿಂದೆ ನಿಂತು ಕಾರ್ಡನ್ನು ಗೋಡೆಗೆ ಬೀಸಿ ಒಗೆಯಬೇಕು. ಒಬ್ಬರ ಕಾರ್ಡಿನ ಮೇಲೆ ಇನ್ನೊಬ್ಬರದು ಬಿದ್ದರೆ, ಮೇಲೆ ಬಿದ್ದವರಿಗೆ ಎರಡೂ. ಕಲ್ಮೇಶಣ್ಣನ ಹತ್ತಿರ ಊರಲ್ಲಿ ಯಾರ ಹತ್ತಿರವೂ ಇಲ್ಲದ ಒಂದು ಕಾರ್ಡಿತ್ತು. ಎಡಗೈ ಬೌಲರೊಬ್ಬ ನೆಲ ಬಿಟ್ಟು ಹಾರಿದ್ದಾನೆ, ಹಿಂದೆ ಬರೀ ನೀಲಿ ಆಕಾಶ. ಒಂದು ಮಧ್ಯಾಹ್ನ ಅದನ್ನು ಒಗೆದ. ನನ್ನದು ಅದರ ಮೇಲೆ ಬಿತ್ತು. ಎತ್ತಿಕೊಂಡೆ, ಕುಣಿದಾಡಿದೆ. "ಗಾಳಿ ಬೀಸಿ ಬಿತ್ತು, ಲೆಕ್ಕಕ್ಕಿಲ್ಲ!" ಎಂದು ಅವನು ಹಿಡಿದ ಹಟ ಇವತ್ತಿನವರೆಗೂ ಬಿಟ್ಟಿಲ್ಲ. ನನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ಕಿವಿಯಲ್ಲಿ, "ಗಂಡನ ಮನಿಗೆ ಹೋಗೂದ ಹೋಗು, ನನ್ನ ಕಾರ್ಡ್ ಕೊಟ್ಟ ಹೋಗು" ಎಂದ ಮಹಾನುಭಾವ ಅವನು. ನಾನು ಕೊಡಲಿಲ್ಲ. ಇಳಕಲ್ ಸೀರೆಯ ಮಡಿಕೆಯಲ್ಲಿಟ್ಟುಕೊಂಡು ಬೈಲಹೊಂಗಲಕ್ಕೆ ಬಂದೆ.

ನನ್ನ ಗಂಡ ಸದಾಶಿವರದು ಇಲ್ಲಿ ಪೇಟೆಯಲ್ಲಿ ಫೋಟೊ ಸ್ಟುಡಿಯೊ. ಕಳೆದ ವರ್ಷ ಒಂದು ದಿನ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

"ಮಾನಂದಾ, ಇಲ್ಲಿ ನೋಡು. ಹಳೇ ಕಾರ್ಡಿಗೂ ಪರೀಕ್ಷಾ ಐತಂತ. ತಜ್ಞರು ಮೂಲಿ, ಅಂಚು, ಮ್ಯಾಲಿನ ಹೊಳಪು ಎಲ್ಲಾ ನೋಡಿ ಹತ್ತಕ್ಕ ಇಷ್ಟು ಅಂತ ನಂಬರ್ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗ ಸೀಲ್ ಮಾಡಿ ಕಳಸ್ತಾರಂತ. ಕಿತ್ತೂರಾಗ ಮೊಬೈಲ್ ಅಂಗಡಿ ಯುವರಾಜ ಇಲ್ಲಾ? ಅವ ಎಲ್ಲಾರವೂ ಕೂಡ್ಸಿ ಮುಂಬೈಗೆ ಕಳಸ್ತಾನ. ಅಲ್ಲಿಂದ ಹೊರದೇಶಕ್ಕ."

ತವೆಯ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಕಲ್ಮೇಶಣ್ಣನಿಗೆ ಫೋನ್ ಹಚ್ಚಿದೆ. ಹತ್ತಕ್ಕೆ ಹತ್ತು ಬರುತ್ತದೆ ನೋಡು ಎಂದೆ. ಅವನು ಆ ಕಡೆ ಗಹಗಹಿಸಿ ನಕ್ಕ.

"ಹತ್ತ ಬ್ಯಾಡ, ಎಂಟ ಬರಲಿ. ಮಂದಿ ಮುಂದ ನಿಂತು, ಅವತ್ತ ನನ್ನ ತಂಗೀನ ಗೆದ್ದಿದ್ಲು ಅಂತ ನಾನ ಹೇಳ್ತೇನಿ. ಬರಲಿಲ್ಲಂದ್ರ ಕಾರ್ಡ್ ತಂದು ನನ್ನ ಕೈಯಾಗ ಇಡಬೇಕು. ಹೂಂ ಅಂತೀ?"

"ಹೂಂ!" ಎಂದುಬಿಟ್ಟೆ. ನಿಜ ಹೇಳುತ್ತೇನೆ, ಕಾರ್ಡು ಹಾಳಾಗಿ ಹೋಗಲಿ, ನನಗೆ ಬೇಕಿದ್ದದ್ದು ಅವನ ಬಾಯಿಂದ ಆ ಒಂದು ಮಾತು. ರೊಟ್ಟಿ ಸೀದು ಕರಕಲಾಗಿತ್ತು.

ಸಂಜೆ ಸ್ಟುಡಿಯೊದ ದೊಡ್ಡ ದೀಪದ ಕೆಳಗೆ ಕಾರ್ಡಿಟ್ಟು ಇವರು ಭೂತಗನ್ನಡಿ ಹಿಡಿದರು. ಎಷ್ಟು ಹೊತ್ತು ನೋಡಿದರೆಂದರೆ, ನನ್ನನ್ನು ನೋಡಲು ಬಂದಾಗಲೂ ಅಷ್ಟು ನೋಡಿರಲಿಲ್ಲ.

"ಆರು," ಎಂದರು. "ಭಾಳ ಅಂದ್ರ ಏಳು."

"ಏನಂದ್ರಿ?"

"ಸಿಟ್ಟಾಗಬ್ಯಾಡ. ಈ ಮೂಲಿ ನೋಡು, ಗೋಡೆಗೆ ಬಡದು ಮೊಂಡಾಗೇತಿ. ಮತ್ತ ಚಿತ್ರ ನಟ್ಟನಡು ಕುಂತಿಲ್ಲ. ಈ ಕಡೆ ಬಿಳಿ ಅಂಚು ಅಗಲ, ಆ ಕಡೆ ಸಣ್ಣದು."

"ಅಚ್ಚ ಹಾಕಿದಾವ ಸೊಟ್ಟ ಹಾಕಿದ್ರ ನನ್ನ ಅಂಕಾ ಯಾಕ ಕಡೀತಾರ್ರೀ?"

"ಅವರು ನಿನಗ ಅಂಕಾ ಕೊಡೂದಿಲ್ಲ, ಕಾರ್ಡಿಗೆ ಕೊಡ್ತಾರ. ಸೀರಿಯೊಳಗ ಇಟ್ಟು ಜ್ವಾಕಿ ಮಾಡೀದಿ ಖರೆ. ಆದ್ರ ಅದಕ್ಕೂ ಮೊದಲ ನೀವಿಬ್ರೂ ಅದನ್ನ ಆಡೀರಿ."

ಆ ಸಂಜೆ ಅವರಿಗೆ ಚಹಾ ಕೊಡಲಿಲ್ಲ. ಆದರೆ ಅವರು ಮಲಗಿ ಎದ್ದ ಮೇಲೂ ಆರು ಆರಾಗಿಯೇ ಉಳಿಯಿತು. ಏಳು ಎಂದು ನಾನು, ಎಂಟು ಆಗಲಿ ದೇವರೇ ಎಂದು ನನ್ನ ಮನಸ್ಸು.

ಮರುದಿನ ನಮ್ಮವ್ವ ಮರೆವ್ವ ಸವದತ್ತಿಯಿಂದ ಬಂದಳು. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವಳು ದೊಡವಾಡಕ್ಕೆ ಮರಳುವ ಮುಂಚೆ ನಮ್ಮಲ್ಲಿ ಎರಡು ದಿನ ಇದ್ದು ಹೋಗುವುದು ರೂಢಿ. ಕಿತ್ತೂರಿಗೆ ಹೊರಡಲೆಂದು ಕಾರ್ಡನ್ನು ಮೇಜಿನ ಮೇಲೆ ತೆಗೆದಿಟ್ಟು, ಸೀರೆ ಉಟ್ಟು ಬರಲು ಒಳಗೆ ಹೋದೆ. ಬಂದು ನೋಡುತ್ತೇನೆ, ಬೌಲರನ ತಲೆಯ ಮೇಲೆ, ನೀಲಿ ಆಕಾಶದಲ್ಲಿ, ಢಾಳಾದ ಹಳದಿ, ಅರಿಶಿನದ ಹೆಬ್ಬೆರಳಿನ ಗುರುತು.

"ಯವ್ವಾ! ಏನ ಮಾಡೀದಿ ಇದು!"

"ಎಲ್ಲಮ್ಮನ ಭಂಡಾರ ಹಚ್ಚೇನಿ," ಎಂದಳು ಅವ್ವ, ಉಪ್ಪು ಹಾಕಿದೆ ಎನ್ನುವಷ್ಟು ಸಹಜವಾಗಿ. "ಪರೀಕ್ಷಾಕ್ಕ ಹೊಂಟೈತಿ ಅಂದಿ. ಕಲ್ಮೇಶನ ಟ್ರ್ಯಾಕ್ಟರಿಗೆ ಹಚ್ಚೇನಿ, ನಿನ್ನ ಹಾಲ್‌ಟಿಕೆಟಿಗೆ ಹಚ್ಚೇನಿ. ಇದೊಂದಕ್ಕ ಬ್ಯಾಡೇನು?"

ನಾನು ಕಿರುಚಿದ್ದು ಪಕ್ಕದ ಹಿಟ್ಟಿನ ಗಿರಣಿಯವರಿಗೂ ಕೇಳಿತಂತೆ, ಗಿರಣಿ ನಡೆಯುತ್ತಿದ್ದಾಗಲೇ. ಸೆರಗಿನಿಂದ ಒರೆಸಲು ಹೋದೆ. ಇವರು ಓಡಿ ಬಂದು ಕೈ ಹಿಡಿದರು.

"ಒರಸಬ್ಯಾಡ! ಒರಸಿದ್ರ ಇನ್ನಷ್ಟು ಹಬ್ಬತೈತಿ. ಮ್ಯಾಲ ತೊಳದದ್ದು ತಿದ್ದಿದ್ದು ಅವರಿಗೆ ಗೊತ್ತಾದ್ರ ನಂಬರ್ ಕೊಡೂದ ಇಲ್ಲ. ಹೆಂಗೈತಿ ಹಂಗ ಕಳಸು."

"ಈಗ ಎಷ್ಟು ಬರ್ತೈತ್ರೀ?"

"ನಾಕು." ನನ್ನ ಮುಖ ನೋಡಿ, "ನಸೀಬ ಇದ್ರ ಐದು," ಎಂದು ಸೇರಿಸಿದರು.

ಅಳು ಬಂತು, ಅತ್ತುಬಿಟ್ಟೆ. ಅವ್ವ ಭಂಡಾರದ ಚೀಲದ ಬಾಯಿ ಕಟ್ಟುತ್ತ ಕುಳಿತಳು. ಕಲ್ಮೇಶಣ್ಣನಿಗೆ ಫೋನ್ ಮಾಡಿದರೆ ಅವನು ಕೆಮ್ಮು ಬರುವವರೆಗೂ ನಕ್ಕ. ನಕ್ಕು ಮುಗಿಸಿ, "ಹೋಗ್ಲಿ ಬಿಡು, ಅವ್ವನ ಕೈ ಬಿದ್ದೈತಿ. ಎಂಟ ಬ್ಯಾಡ, ಐದ ಬರಲಿ ಸಾಕು. ಆದ್ರ ಐದಕ್ಕ ಕೂದಲೆಳಿ ಕಡಿಮಿ ಆದ್ರೂ ನಂದು," ಎಂದ. ಅದು ದೊಡ್ಡತನವೋ ಚಾಲೂತನವೋ ನನಗೆ ಇನ್ನೂ ಗೊತ್ತಿಲ್ಲ.

ಕಿತ್ತೂರಿನಲ್ಲಿ ಯುವರಾಜ ಕಾರ್ಡನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿದ. ಹಳದಿ ಗುರುತು ನೋಡಿ ನಗು ತಡೆದುಕೊಂಡದ್ದು ನನಗೆ ಕಾಣಿಸಿತು.

"ಅಕ್ಕಾರ, ಎಷ್ಟ ಬರ್ತೈತಿ ಅಂತ ಮಾಡೀರಿ?"

"ಐದು," ಎಂದೆ, ಹಲ್ಲು ಕಚ್ಚಿ.

"ಶಾಣ್ಯಾ ಇದ್ದೀರಿ. ಇಲ್ಲಿ ಬರಾವ್ರೆಲ್ಲಾ ಹತ್ತ ಅಂತಾರ್ರಿ. ಹತ್ತ ಅಂತ ಹೋದಾವ್ರು ಆಮ್ಯಾಲ ನನ್ನ ಫೋನ್ ಎತ್ತಂಗಿಲ್ಲ, ನಾನ ಕದ್ದಂಗ ನೋಡ್ತಾರ. ಐದ ಅಂದಾವ್ರು ಮತ್ತ ಚಹಾ ಕುಡ್ಯಾಕ ಬರ್ತಾರ."

ಅಲ್ಲಿಂದ ಶುರುವಾಯಿತು ನೋಡಿ ಕಾಯುವುದು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಫೋನ್ ಗುಂಯ್ ಎಂದರೆ ಸಾಕು, ಹಿಟ್ಟಿನ ಕೈಯಲ್ಲೇ ಎತ್ತುತ್ತಿದ್ದೆ. ಹಾಲಿನವನಿಗೂ ಗೊತ್ತು, ಗಿರಣಿಯವರಿಗೂ ಗೊತ್ತು, ಬೈಲಹೊಂಗಲದಲ್ಲಿ ನನ್ನ ಐದರ ಸುದ್ದಿ ತಿಳಿಯದವರಿರಲಿಲ್ಲ.

ಕೊನೆಗೆ ಒಂದು ಶುಕ್ರವಾರ ಯುವರಾಜ ತಾನೇ ಪಾರ್ಸಲ್ ಹಿಡಿದು ಸ್ಟುಡಿಯೊಗೆ ಬಂದ. ಮೊದಲೇ ತಿಳಿಸಿದ್ದರಿಂದ ಕಲ್ಮೇಶಣ್ಣ ಅವ್ವನನ್ನು ಕರೆದುಕೊಂಡು ಬಂದು ಬಾಗಿಲಲ್ಲೇ ಕುಳಿತಿದ್ದ. ಪಾಸ್‌ಪೋರ್ಟ್ ಫೋಟೊಕ್ಕೆ ಬಂದ ನೇಸರಗಿಯ ನಾಲ್ಕೈದು ಜನ ತಲೆ ಬಾಚಿಕೊಳ್ಳುವುದು ಬಿಟ್ಟು ಸುತ್ತ ನಿಂತರು. ಟೇಪು ನನ್ನಿಂದ ಹರಿಯಲಾಗಲಿಲ್ಲ, ಇವರೇ ಹರಿದರು. ಒಳಗೆ ಪಳಪಳ ಹೊಳೆಯುವ ಡಬ್ಬಿ, ಅದರೊಳಗೆ ನನ್ನ ಬೌಲರ್, ತಲೆಯ ಮೇಲೆ ಅವ್ವನ ಹೆಬ್ಬೆರಳು. ಮೇಲಿನ ಚೀಟಿಯಲ್ಲಿ ನಾಲ್ಕೂವರೆ.

"ಐದು!" ಎಂದು ನಾನು ಕೂಗಿದೆ. "ಅರ್ಧಾ ಬಂದ್ರ ಮುಂದಿನದಕ್ಕ ಹಿಡೀತಾರ! ಸಾಲ್ಯಾಗ ಹಂಗ ಹಿಡೀತಿದ್ದಿಲ್ಲೇನು?"

"ಅದು ಮಾಸ್ತರ ಪುಣ್ಯಾ! ಕೂದಲೆಳಿ ಅಂದಿದ್ದೆ, ಇದು ಜಡಿ ಅಷ್ಟೈತಿ!" ಎಂದ ಕಲ್ಮೇಶಣ್ಣ.

ಫೋಟೊಕ್ಕೆ ಬಂದವರಲ್ಲೇ ಎರಡು ಪಕ್ಷವಾದವು. ಪೇಟಾ ಸುತ್ತಿದ ಅಜ್ಜನೊಬ್ಬ ಐದೇ ಎಂದ, ಅವನ ಮೊಮ್ಮಗಳು ಆಗುವುದಿಲ್ಲ ಎಂದಳು. ಯುವರಾಜನನ್ನು ಕೇಳಿದರೆ, "ನನ್ನ ಯಾಕ ನಡುವ ಎಳೀತೀರಿ, ನಾ ಚಹಾ ಕುಡ್ಯಾಕ ಬಂದಾಂವ" ಎಂದು ಕೈ ಮುಗಿದ. ನಾನು ಗಂಡನ ಮುಖ ನೋಡಿದೆ. ಅವರು ಮೆಲ್ಲಗೆ, "ನಾಲ್ಕೂವರೆ ಅಂದ್ರ ನಾಲ್ಕೂವರೇನ, ಮಾನಂದಾ," ಎಂದರು.

ಅವರು ಸುಳ್ಳು ಹೇಳುವ ಮನುಷ್ಯರಲ್ಲ. "ತಗೊಳೋ," ಎಂದು ಡಬ್ಬಿಯನ್ನು ಅಣ್ಣನ ಕೈಯಲ್ಲಿಟ್ಟೆ. "ಮಾತ ಅಂದ್ರ ಮಾತ." ಇಷ್ಟು ವರ್ಷ ಕಾದಿಟ್ಟದ್ದನ್ನು ನಾನಾಗಿಯೇ ಕೊಟ್ಟುಬಿಟ್ಟೆ.

"ಕಲ್ಮೇಶಾ, ಅದನ್ನ ಅಕಿಗೆ ಕೊಡು," ಎಂದಳು ಅವ್ವ.

ಎಲ್ಲರೂ ತಿರುಗಿದೆವು.

"ಯಾಕಬೇ? ನಾ ಗೆದ್ದೇನಿ."

"ಅವತ್ತ ಗಾಳಿ ಇರಲಿಲ್ಲ. ಹೆಸರಕಾಳ ಬಡದು ಅಂಗಳದಾಗ ರಾಶಿ ಹಾಕ್ಕೊಂಡು, ತೂರಾಕ ಗಾಳಿ ಬರವಲ್ದಲ್ಲಾ ಅಂತ ಬೈಕೋತ ನಾ ಕಟ್ಟಿ ಮ್ಯಾಲ ಕುಂತಿದ್ದೆ. ಹೊತ್ತ ಮುಳುಗೂತನಕ ಒಂದ ಹೊಟ್ಟ ಹಾರಲಿಲ್ಲ. ಅಕೀನ ಗೆದ್ದಿದ್ಲು, ನಾ ನೋಡೇನಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ?" ಎಂದು ಕೇಳಿದವಳು ನಾನು.

"ಅವ ನೆಲದ ಮ್ಯಾಲ ಹೊರಳ್ಯಾಡಿ ಅಳಾಕ ಹತ್ತಿದ್ದ. ನೀ ಕಾರ್ಡ್ ಹಿಡ್ಕೊಂಡು ನಗಾಕ ಹತ್ತಿದ್ದಿ. ನಗಾವ್ರಿಗೆ ಸಾಕ್ಷಿ ಯಾಕ ಬೇಕು ಅಂತ ಸುಮ್ಮನಾದೆ," ಎಂದಳು ಅವ್ವ. "ನಿನಗೂ ಬೇಕಾಗಿತ್ತಂತ ನನಗ ಗೊತ್ತಾಗಲಿಲ್ಲ, ಮಗಳ."

ಕಲ್ಮೇಶಣ್ಣ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಸ್ಟುಡಿಯೊದ ಮೆಟ್ಟಿಲ ಮೇಲೆ ಹೋಗಿ ನಿಂತು ಇಡೀ ಪೇಟೆಗೆ ಕೇಳುವಂತೆ, "ಅವತ್ತ ನನ್ನ ತಂಗೀನ ಗೆದ್ದಿದ್ಲು!" ಎಂದು ಕೂಗಿದ. ಎದುರಿನ ಕಿರಾಣಿಯವರು ಯಾವ ವಾರ್ಡಿನ ಚುನಾವಣೆ ಎಂದು ಕೇಳಿದರು.

ಕಣ್ಣು ಒರೆಸಿಕೊಂಡು ನಾನೂ ಹೊರಗೆ ಬಂದೆ. "ಇನ್ನೊಮ್ಮಿ ಹೇಳೋ," ಎಂದೆ.

ಹೇಳಿದ.