ಕಾಶವ್ವನ ಗೇಟು

ನಾನು ಒಂದು ಗೇಟು. ದೊಡ್ಡ ಬಂಗಲೆಯದಲ್ಲ, ಅಳ್ನಾವರದ ಹೊರಗೆ, ರೈಲು ಹಳಿಯಿಂದ ಕೂಗಳತೆ ದೂರದಲ್ಲಿರುವ ಹಂಚಿನ ಮನೆಯೊಂದರ ಕೈತೋಟದ ಗೇಟು. ಎತ್ತರ ನಿಮ್ಮ ಸೊಂಟದಷ್ಟು. ಮೈಮೇಲೆ ಎಂಟು ತೂತುಗಳಿವೆ. ನೋಡಿದವರು ಹುಳ ತಿಂದಿದೆ ಎಂದುಕೊಳ್ಳುತ್ತಾರೆ. ನನ್ನನ್ನು ತಿನ್ನುವ ಧೈರ್ಯ ಹುಳಕ್ಕೆ ಎಲ್ಲಿಂದ ಬರಬೇಕು! ಅವು ರೈಲಿನ ಮೊಳೆ ಹೊಡೆದ ತೂತುಗಳು. ನಡುವಿನ ಹಲಗೆಯಲ್ಲಿ ಒಂದು ಸೀಳೂ ಇದೆ. ಅದರ ಕಥೆಯನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳುವಷ್ಟು ಗಟ್ಟಿ ಮನಸ್ಸು ನನ್ನದಲ್ಲ.

ನಾನು ಹುಟ್ಟಿದ್ದು ಹಳಿಯಾಳದ ಕಡೆಯ ಕಾಡಿನಲ್ಲಿ, ಮತ್ತಿ ಮರವಾಗಿ. ಕಡಿದು, ಆರಡಿಯ ತುಂಡು ಮಾಡಿ, ಡಾಂಬರೆಣ್ಣೆ ಕುಡಿಸಿ, ಹಳಿಯ ಕೆಳಗೆ ಸ್ಲೀಪರ್ ಮಾಡಿ ಮಲಗಿಸಿದರು. ಎಷ್ಟೋ ವರ್ಷ ಬೆನ್ನ ಮೇಲೆ ರೈಲು ಹೊತ್ತೆ. ಯಾರು ಎಲ್ಲಿಗೆ ಹೋದರು, ಯಾರು ಅಳುತ್ತ ಹೋದರು ಒಂದೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಒಂದು ಜೊತೆ ಕಾಲು ಮಾತ್ರ. ದಿನವೂ ಬೆಳಿಗ್ಗೆ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು, ಹಳಿಯ ಸಡಿಲವಾದ ಬೆಣೆಗಳನ್ನು ಬಡಿದು ಬಿಗಿ ಮಾಡುತ್ತ ಹೋಗುವ ಕೀಮನ್ ಅಡಿವೆಪ್ಪನ ಕಾಲು. ನನ್ನ ಹತ್ತಿರ ಬಂದಾಗ ಒಂದೇ ಏಟು. ಎರಡನೆಯದು ಬೇಕಾಗುತ್ತಿರಲಿಲ್ಲ. ಅಂಥ ಕೈ ಅವನದು.

ಹಳಿಯನ್ನು ಬ್ರಾಡ್‌ಗೇಜ್‌ಗೆ ಅಗಲ ಮಾಡಿದಾಗ ಮರದ ಸ್ಲೀಪರುಗಳನ್ನೆಲ್ಲ ಕಿತ್ತು, ಸಿಮೆಂಟಿನವನ್ನು ಹಾಕಿದರು. ನಮ್ಮನ್ನು ರಾಶಿ ಹಾಕಿ ಹರಾಜಿಗಿಟ್ಟರು. ಒಲೆಗೆ ಹೋಗುವ ಕಾಲ ಬಂತೆಂದು ನಾನು ಆಸೆ ಬಿಟ್ಟಿದ್ದೆ. ಅಷ್ಟರಲ್ಲಿ ಅದೇ ಕಾಲು ಮುಂದೆ ಬಂದು ನಿಂತಿತು.

"ಇವನ್ನ ಒಯ್ತೀನಿ," ಎಂದ ಅಡಿವೆಪ್ಪ. "ಹೊಸ ಮನಿಗೆ ಬೇಲಿ ಮಾಡಬೇಕು. ನಮ್ಮಕಿ ಬೆನ್ನು ಹತ್ಯಾಳ."

ಹಾಗೆ ನಾನು ಕಾಶವ್ವನ ಕೈಗೆ ಬಂದೆ.

ಕಾಶವ್ವ ಅಡಿವೆಪ್ಪನ ಹೆಂಡತಿ. ರೈಲ್ವೆ ಗೇಟ್‌ಮನ್ ಒಬ್ಬನ ಮಗಳು. ಹೊಲಗಳ ನಡುವೆ, ಹತ್ತಿರದಲ್ಲಿ ಒಂದು ಮನೆಯೂ ಇಲ್ಲದ ಗೇಟಿನ ಕೊಠಡಿಯಲ್ಲಿ ಬೆಳೆದವಳು. ರೈಲು ಬರುವ ಮೊದಲು ಗೇಟು ಮುಚ್ಚಿದಾಗ ಚಕ್ಕಡಿಯವರು, ಸಂತೆಗೆ ಹೋಗುವವರು ಐದು ನಿಮಿಷ ನಿಲ್ಲುತ್ತಿದ್ದರಲ್ಲ, ಅವಳಿಗೆ ಮಾತಿಗೆ ಸಿಗುತ್ತಿದ್ದದ್ದು ಆ ಜನ ಅಷ್ಟೇ. ಅದಕ್ಕೇ ಸ್ವಂತ ಜಾಗ ಅಂತ ಆದಾಗ ಅವಳಿಗೆ ಮನೆಗಿಂತ ತೋಟದ ಚಿಂತೆ ಹೆಚ್ಚಾಯಿತು. ರಂಗೋಲಿ ಪುಡಿ ಹಿಡಿದು, ಬರಿ ನೆಲದ ಮೇಲೆ ತೋಟವನ್ನೇ ಬರೆದಳು. ಇಲ್ಲಿ ಗೇಟು, ಇಲ್ಲಿ ಕಾಲುದಾರಿ, ಗೇಟಿನ ಬಲಕ್ಕೆ ಕುಡಿಯುವ ನೀರಿನ ಗಡಿಗೆ, ಎಡಕ್ಕೆ ಕೂಡಲು ಒಂದು ಮರದ ಹಾಸು, ಅದರ ಮೇಲೆ ನೆರಳಿಗೆ ಮಲ್ಲಿಗೆ ಚಪ್ಪರ.

"ಬೇಲಿ ಎದಿ ಮಟ ಇರಲಿ," ಎಂದ ಅಡಿವೆಪ್ಪ.

"ಎದಿ ಮಟ ಯಾಕ್ರಿ, ಜೈಲೇನು? ಸ್ವಂಟದ ಮಟ ಸಾಕು. ಹಾದ್ಯಾಗ ಹೋಗವರು ನಿಂತು ಎರಡ ಮಾತಾಡಿ ಹೋಗಬೇಕು. ಹೀರಿ ಬಳ್ಳಿ ಬೇಲಿ ಮ್ಯಾಲೆ ಹಬ್ಬಸ್ತೀನಿ. ಹೊರಗ ಜೋತುಬಿದ್ದ ಕಾಯಿ ಹೊರಗಿನವರದು."

ಕಾಲುದಾರಿಯ ವಿಷಯಕ್ಕೆ ಗಂಡ ಹೆಂಡತಿಗೆ ಒಂದು ವಾರ ಜಟಾಪಟಿ ನಡೆಯಿತು. ಅವನಿಗೆ ಕಂಬಿಯ ಹಾಗೆ ನೇರ ಬೇಕು. ಅವಳಿಗೆ, ಬಂದವರ ಕಣ್ಣಿಗೆ ಬಾಗಿಲಿಗಿಂತ ಮೊದಲು ಸೇವಂತಿಗೆ ಬೀಳುವ ಹಾಗೆ ತಿರುವು ಬೇಕು. ಕೊನೆಗೆ ಅವಳೇ ಗೆದ್ದಳು. ಆದರೆ ಹಳಿ ತಿರುಗುವಲ್ಲಿ ಹೊರಗಿನ ಕಂಬಿಯನ್ನು ಒಳಗಿನದಕ್ಕಿಂತ ಎತ್ತರಿಸುವುದು ರೈಲಿನವರ ರೂಢಿ. ಅಡಿವೆಪ್ಪನ ಕೈ ರೂಢಿ ಬಿಟ್ಟೀತೇ? ಕಲ್ಲು ಹಾಸುವಾಗ ತಿರುವಿನ ಹೊರ ಅಂಚನ್ನು ಅಚ್ಚುಕಟ್ಟಾಗಿ ನಾಲ್ಕು ಬೆರಳು ಎತ್ತರಿಸಿಬಿಟ್ಟ. ಗೃಹಪ್ರವೇಶಕ್ಕೆ ಬಂದವರೆಲ್ಲ ಅಲ್ಲಿ ಒಂದು ಕಡೆ ವಾಲಿಕೊಂಡೇ ನಡೆದರು. ಕಾಶವ್ವ ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಇರಲಿ, ತೆಗೀಬ್ಯಾಡ್ರಿ. ನಮ್ಮನಿಗೆ ಬರವರು ರೈಲಿನ ಹಂಗ ಬರಲಿ," ಎಂದಳು. ಆ ದಾರಿ ಈಗಲೂ ಹಾಗೇ ಇದೆ.

ನನ್ನನ್ನು ಗೇಟು ಮಾಡಿದವನು ಮೌನಪ್ಪ ಬಡಿಗೇರ. ನನ್ನನ್ನು ಹಲಗೆಗಳಾಗಿ ಸೀಳಿಸಿ, ಉಜ್ಜಿ, ಅಡ್ಡಪಟ್ಟಿ ಬಡಿದು ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ಚೀಲದಿಂದ ಬೀಗದ ಕೊಂಡಿ ತೆಗೆದ. ಕಾಶವ್ವ ಥಟ್ಟನೆ ಅವನ ಕೈ ತಡೆದಳು.

"ಅದೊಂದು ಬ್ಯಾಡ, ಮೌನಪ್ಪಣ್ಣ."

"ಕೀಲಿ ಇಲ್ಲದ ಗೇಟ್ ಎಂಥಾದ್ದಬೇ ಯವ್ವ?"

ಅವಳು ಅಂದು ಹೇಳಿದ ಸಂಗತಿಯನ್ನು ಅಡಿವೆಪ್ಪನೂ ಆವರೆಗೆ ಕೇಳಿರಲಿಲ್ಲ. ಆಗ ಅವಳಿಗೆ ಹತ್ತು ವರ್ಷ. ತಾಯಿಯಿಲ್ಲದ ಮನೆ. ಅಪ್ಪನಿಗೆ ಜ್ವರ. ಗೇಟು ಮುಚ್ಚಿ, ಬೀಗ ಹಾಕಿ, ಹಸಿರು ಬಾವುಟ ತೋರಿಸಿ ಬಂದವನು ಹಾಸಿಗೆಗೆ ಬಿದ್ದು ನಿದ್ದೆಹೋದ. ರೈಲು ಹೋಗಿಯಾಗಿತ್ತು, ಗೇಟು ಇನ್ನೂ ಮುಚ್ಚಿಯೇ ಇತ್ತು. ಹೊರಗೆ ಒಂದು ಚಕ್ಕಡಿ ನಿಂತಿತ್ತು, ಅದರೊಳಗೆ ಹೆರಿಗೆಬೇನೆ ತಿನ್ನುತ್ತಿದ್ದ ಹೆಂಗಸು. "ಗೇಟ್ ತಗೀವಾ ತಂಗಿ," ಎಂದು ಅವಳ ಗಂಡ ಕೈಮುಗಿದ. ಕೀಲಿಕೈ ಅಪ್ಪನ ತಲೆದಿಂಬಿನ ಕೆಳಗಿತ್ತು. ಅಪ್ಪನನ್ನು ಎಬ್ಬಿಸಲು ಹುಡುಗಿಗೆ ಹೆದರಿಕೆ. "ತಡೀರಿ, ಅಪ್ಪ ಏಳತಾನ," ಎಂದಳು. ಅಪ್ಪ ಎದ್ದದ್ದು ತುಂಬಾ ಹೊತ್ತಿನ ಮೇಲೆ. ಆ ಹೆಂಗಸು ಊರು ಮುಟ್ಟಲಿಲ್ಲ.

"ರೈಲ ಹೋದ ಮ್ಯಾಲೆ ಮುಚ್ಚಿದ ಗೇಟ್ ನೋಡಿದ್ರ ನನ್ನ ಜೀವ ಹೋಗತೈತಿ," ಎಂದಳು ಕಾಶವ್ವ. ಆಮೇಲೆ ಗಂಡನ ಕಡೆ ತಿರುಗಿ, "ಈ ಗೇಟಿಗೆ ಎಂದೂ ಕೀಲಿ ಹಾಕೂದಿಲ್ಲ ಅಂತ ನನಗ ಮಾತು ಕೊಡ್ರಿ," ಎಂದಳು.

ಅಡಿವೆಪ್ಪ ನನ್ನ ಮೇಲೆ ಕೈಯಿಟ್ಟು ಮಾತು ಕೊಟ್ಟ. ಆ ಅಂಗೈಯ ಬಿಸಿ ನನಗೆ ಗೊತ್ತಿದೆ.

ಆಮೇಲಿನ ವರ್ಷಗಳೇ ನನ್ನ ಬದುಕು. ಕಾಶವ್ವ ದಿನಾ ಬೆಳಿಗ್ಗೆ ಬಂದು ನನ್ನ ಎಂಟು ತೂತುಗಳಿಗೆ ಒಂದೊಂದು ಹೂ ಸಿಕ್ಕಿಸುತ್ತಿದ್ದಳು. ಒಂದು ದಿನ ಗುಲ್ಬಾಕ್ಷಿ, ಇನ್ನೊಂದು ದಿನ ಚೆಂಡು ಹೂ. ಒಂದು ಕಾಲಕ್ಕೆ ಕಬ್ಬಿಣದ ಮೊಳೆ ಹೊಕ್ಕ ಜಾಗ ಅದು. ಮೊಸರು ಮಾರುವ ದ್ಯಾಮವ್ವ ಗಡಿಗೆ ಇಳಿಸಿ ಕೂತರೆ ಬಿಸಿಲು ಏರುವವರೆಗೆ ಏಳುತ್ತಿರಲಿಲ್ಲ. ಹೊರಗೆ ಜೋತುಬಿದ್ದ ಹೀರೆಕಾಯಿಯನ್ನು ಯಾರು ಯಾರೋ ಹರಿದುಕೊಂಡು ಹೋಗುತ್ತಿದ್ದರು. ಕಾಶವ್ವನ ಮಗಳು ಸುವರ್ಣಾ ಮದುವಣಗಿತ್ತಿಯಾಗಿ ನನ್ನನ್ನು ದಾಟಿ ಹೋದದ್ದು ಪಕ್ಕದ ಓಣಿಗೇ. ಆದರೂ ತಾಯಿ ಮಗಳು ನನ್ನನ್ನು ಹಿಡಿದುಕೊಂಡು ಅತ್ತರು. ನನ್ನ ಬಿಜಾಗರಿ ಆ ದಿನ ಯಾಕೋ ಬಹಳ ಕಿರುಗುಟ್ಟಿತು.

ಅಡಿವೆಪ್ಪ ನಿವೃತ್ತನಾದ. ಸುತ್ತಿಗೆಯನ್ನು ಮಾತ್ರ ಮನೆಗೆ ತಂದು ಮೂಲೆಯಲ್ಲಿಟ್ಟ. ಅದಾಗಿ ಮೂರನೆಯ ವರ್ಷ ಕಾಶವ್ವನಿಗೆ ಮರೆವು ಹತ್ತಿತು.

ಮೊದಲು ಹೂವಿನ ಹೆಸರುಗಳು ಹೋದವು. ಆಮೇಲೆ ದ್ಯಾಮವ್ವನ ಹೆಸರು. ಒಂದು ಬೆಳಿಗ್ಗೆ ನನ್ನ ಮುಂದೆ ಕೈತುಂಬ ಹೂ ಹಿಡಿದು ನಿಂತವಳಿಗೆ ಅವನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಸುಮ್ಮನೆ ನೆಲಕ್ಕೆ ಹಾಕಿ ಒಳಗೆ ಹೋದಳು. ಆವತ್ತು ನನಗೆ ಆದ ಸಂಕಟವನ್ನು ಯಾರಿಗೆ ಹೇಳಲಿ? ಮಗಳನ್ನು "ಯಾರಬೇ ನೀ?" ಎಂದು ಕೇಳಿದಳು. ಗಂಡನನ್ನು ಒಮ್ಮೊಮ್ಮೆ "ಅಪ್ಪಾ" ಎಂದು ಕರೆಯುತ್ತಿದ್ದಳು. ಎಲ್ಲವೂ ಹೋಗಿ ಕೊನೆಗೆ ಉಳಿದದ್ದು ಒಂದೇ. ರೈಲು ಕೂಗಿದರೆ ಓಡಿ ಬಂದು ನನ್ನನ್ನು ಮುಚ್ಚುವಳು. ರೈಲು ಹೋದ ತಕ್ಷಣ ಅಗಲಕ್ಕೆ ತೆಗೆದು, "ಹೋಗ್ರಿ, ಹೋಗ್ರಿ," ಎಂದು ದಾರಿಗೆ ಕೈಬೀಸುವಳು. ಗೆಲುವಾಗುವಳು.

ಒಂದು ಮಧ್ಯಾಹ್ನ ಗೂಡ್ಸ್ ರೈಲು ದಾಟಿದ ಮೇಲೆ ನನ್ನನ್ನು ತೆಗೆದವಳು ಅಲ್ಲಿಗೇ ನಿಲ್ಲಲಿಲ್ಲ. ಹಸಿರು ಕುಪ್ಪಸದ ತುಂಡೊಂದನ್ನು ಬಾವುಟದಂತೆ ಹಿಡಿದು ಹಳಿಯ ಕಡೆ ನಡೆದಳು. ಅಷ್ಟು ಹೊತ್ತಿಗೆ ಅಲ್ಲಿ ಎರಡನೆಯ ಹಳಿ ಬಂದು ವರ್ಷವಾಗಿತ್ತು. ಅವಳಿಗೆ ಅದು ಹೇಗೆ ನೆನಪಿರಬೇಕು? ಎದುರಿನಿಂದ ಇನ್ನೊಂದು ರೈಲು ಬರುತ್ತಿತ್ತು. ಹಳಿ ರಿಪೇರಿ ಕೆಲಸದಲ್ಲಿದ್ದ ಗ್ಯಾಂಗ್‌ಮನ್ ಒಬ್ಬ ಓಡಿಬಂದು ಎಳೆದುಕೊಂಡ. ರಟ್ಟೆ ಹಿಡಿದು ಮನೆಗೆ ತಂದು ಬಿಟ್ಟ.

ಸುವರ್ಣಾ ಸಂಜೆ ಬೀಗ ತಂದಳು. ಜೊತೆಗೆ ಕೊಂಡಿ ಬಡಿಯಲು ಮೊಳೆ.

"ಹಾಕು ಯಪ್ಪಾ."

"ಮಾತು ಕೊಟ್ಟೇನವಾ ಅಕಿಗೆ."

"ಮಾತು ಅಕಿಗೇ ನೆನಪಿಲ್ಲ. ನಾಳೆ ಅಕಿ ಹಳಿ ಮ್ಯಾಲೆ ಬಿದ್ರ ನಿನ್ನ ಮಾತು ತಗೊಂಡು ಏನ್ ಮಾಡ್ಲಿ ನಾನು? ನನಗ ನಮ್ಮವ್ವ ಬೇಕು."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅಡಿವೆಪ್ಪ ಎಂಟು ದಿನ ಬೀಗವನ್ನು ಗೋಡೆಯ ಗೂಡಿನಲ್ಲಿಟ್ಟು, ತಾನೇ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕಾದ. ಒಂಬತ್ತನೆಯ ದಿನ ಕೂತಲ್ಲೇ ತೂಕಡಿಸಿದ. ಎಚ್ಚರವಾದಾಗ ಕಾಶವ್ವ ಅರ್ಧ ದಾರಿಯಲ್ಲಿದ್ದಳು. ಅವಳನ್ನು ಕರೆತಂದು, ಕೊಂಡಿ ಬಡಿದು, ಬೀಗ ಹಾಕಿದ. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ನನ್ನ ಮೇಲೆ ಹಣೆಯಿಟ್ಟು ನಿಂತ.

ಆ ಮೇಲಿನ ದಿನಗಳು ನನಗೆ ಬೇಡವಾಗಿದ್ದವು. ರೈಲು ಹೋಗುತ್ತಿತ್ತು, ಕಾಶವ್ವ ಬಂದು ನನ್ನನ್ನು ಎಳೆಯುತ್ತಿದ್ದಳು. ನಾನು ಬರುತ್ತಿರಲಿಲ್ಲ. ಮತ್ತೆ ಎಳೆಯುತ್ತಿದ್ದಳು. ಆಮೇಲೆ ಬರಿದಾದ ದಾರಿಗೆ ಕೈಮುಗಿದು, "ತಡೀರಿ ಯಪ್ಪಾ, ಸಿಟ್ಟಾಗಬ್ಯಾಡ್ರಿ. ಕೀಲಿಕೈ ತರ್ತಾರ. ಅಪ್ಪ ಏಳತಾನ," ಎಂದು ಬೇಡಿಕೊಳ್ಳುತ್ತಿದ್ದಳು. ಯಾರೂ ಇಲ್ಲದ ದಾರಿಗೆ ಅಷ್ಟು ದೈನ್ಯದಿಂದ ಕ್ಷಮೆ ಕೇಳಿದವರನ್ನು ನಾನು ಕಂಡಿಲ್ಲ. ಬಂದವರು ಬೀಗ ನೋಡಿ ಹಾಗೇ ಹೋದರು. ದ್ಯಾಮವ್ವ ಕೂಡ ಬೇಲಿಯ ಆಚೆಯಿಂದಲೇ ಮೊಸರು ಕೊಟ್ಟು ಹೋಗತೊಡಗಿದಳು. ಬಂದವರನ್ನು ಕರೆಯಲೆಂದು ಮಾಡಿದ ತೋಟ, ಒಬ್ಬಳನ್ನು ಹಿಡಿದಿಡುವುದಕ್ಕೆ ಉಳಿಯಿತು. ಹಿಡಿದಿಟ್ಟವನು ನಾನೇ ಅಲ್ಲವೇ?

ಆ ವರ್ಷದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಎರಡು ದಿನ ಹೊರಗೆ ಬರಲೇ ಇಲ್ಲ. ಸುವರ್ಣಾ ಹಿತ್ತಲ ಬಾಗಿಲಿನಿಂದ ಬಂದು ಹೋಗುತ್ತಿದ್ದಳು. ಮಳೆ ಹಿಡಿದಾಗಿನಿಂದ ನನ್ನ ಬೀಗವನ್ನು ಯಾರೂ ಮುಟ್ಟಿರಲಿಲ್ಲ. ನೆನೆದು ನೆನೆದು ಅದು ತುಕ್ಕು ಹಿಡಿದಿತ್ತು.

ಮೂರನೆಯ ದಿನ ಮಧ್ಯಾಹ್ನ ಒಂದು ರೈಲು ಹೋಯಿತು. ಕಿಟಕಿಯೊಳಗಿಂದ ಅವಳ ಸಣ್ಣ ದನಿ ಕೇಳಿಸಿತು. "ಗೇಟ್... ಮಂದಿ ನಿಂತಾರ... ಬ್ಯಾನಿ ತಿನ್ನಾಕತ್ತಾಳ್ರಿ ಅಕಿ..."

"ತಗೀತೀನಿ ಕಾಶಿ. ಈಗ ತಗೀತೀನಿ."

ಅಡಿವೆಪ್ಪ ಮಳೆಯಲ್ಲೇ ಓಡಿ ಬಂದ. ತನ್ನದೇ ತಿರುವಿನಲ್ಲಿ ಜಾರಿ ಬಿದ್ದು ಎದ್ದ. ಕೀಲಿಕೈ ಒಳಗೆ ಹೋಯಿತು, ತಿರುಗಲಿಲ್ಲ. ಮತ್ತೆ ತಿರುಗಿಸಿದ. ಕೀಲಿಕೈ ಬಾಗಿತು. ಒಳಗಿಂದ ಮತ್ತೆ, "ಅಪ್ಪಾ, ಏಳೋ," ಎಂದಳು. ಅವನು ಒಳಗೆ ಹೋಗಿ ಮೂಲೆಯ ಸುತ್ತಿಗೆ ತಂದ. ಮೊದಲಿನ ಒಂದೇ ಏಟಿನ ಕೈ ಅದಾಗಿರಲಿಲ್ಲ. ಎರಡು, ಮೂರು, ನಾಲ್ಕು. ಒಂದು ಏಟು ತಪ್ಪಿ ನನ್ನ ನಡುವಿನ ಹಲಗೆ ಸೀಳಿತು. ಸೀಳಿದ್ದಕ್ಕೆ ನನಗೆ ಬೇಸರವಿಲ್ಲ. ಇನ್ನೂ ಬೇಗ ಸೀಳಬಾರದಿತ್ತೇ ಎಂಬುದೇ ನನ್ನ ಕೊರಗು. ಕೊನೆಗೆ ಕೊಂಡಿ ಕಿತ್ತು ಬಂತು. ನನ್ನನ್ನು ಅಗಲಕ್ಕೆ ತಳ್ಳಿ, ಅಲ್ಲಿಂದಲೇ ಕೂಗಿದ:

"ತಗದೆ ಕಾಶಿ! ಎಲ್ಲಾರೂ ಹೊಂಟ್ರು ನೋಡು!"

ಸುತ್ತಿಗೆಯನ್ನು ನನ್ನ ಬುಡದಲ್ಲೇ ಬಿಟ್ಟ. ಅವನು ಒಳಗೆ ಹೋದ. ಆಮೇಲೆ ಅವನ ಗೋಳು ಕೇಳಿಸಿತು.

ಮರುದಿನ ಊರಿಗೆ ಊರೇ ಬಂತು. ಅಷ್ಟೊಂದು ಜನ ಆ ತಿರುವಿನಲ್ಲಿ ವಾಲಿಕೊಂಡು ನಡೆದದ್ದನ್ನು ನೋಡಿದ್ದರೆ ಅವಳು ಎಷ್ಟು ನಗುತ್ತಿದ್ದಳೋ! ಅವಳನ್ನು ಕೂರಿಸಿ, ಹೂವಿನಿಂದ ಸಿಂಗರಿಸಿದ, ಅಂತ್ಯಯಾತ್ರೆಯ ವಿಮಾನ ಹೊರಬರಲು ನನ್ನ ಅಗಲ ಸಾಲಲಿಲ್ಲ. ನನ್ನನ್ನು ಬಿಜಾಗರಿಯಿಂದ ಕಿತ್ತು, ಬೇಲಿಯ ಎರಡು ಹಲಗೆ ಬಿಚ್ಚಿ ದಾರಿ ಮಾಡಿದರು. ಸಾವಿರ ಸಲ ನನ್ನನ್ನು ತೆಗೆದವಳು ಕೊನೆಯ ಸಲ ಹೋಗುವಾಗ ನಾನು ಮಣ್ಣಿನಲ್ಲಿ ಅಂಗಾತ ಬಿದ್ದಿದ್ದೆ. ಹನ್ನೊಂದು ದಿನ ಕಳೆದ ಮೇಲೆ ಅಡಿವೆಪ್ಪ ತಾನೇ ನನ್ನನ್ನು ಎತ್ತಿ ನಿಲ್ಲಿಸಿದ. ಸುವರ್ಣಾ ಬೀಗವನ್ನು ಎತ್ತಿಕೊಂಡು ಹೋದಳು. ಅವಳು ಆಮೇಲೆ ಬಂದಾಗಲೆಲ್ಲ ನನ್ನ ಸೀಳಿನ ಮೇಲೆ ಒಮ್ಮೆ ಕೈಯಾಡಿಸಿ ಒಳಗೆ ಹೋಗುತ್ತಾಳೆ.

ಈಗ ನನಗೂ ವಯಸ್ಸಾಗಿದೆ. ಕೆಳಗಿನ ಅಂಚು ಮೆತ್ತಗಾಗಿದೆ. ತೂತುಗಳಿಗೆ ಹೂ ಇಡುವವರಿಲ್ಲ. ಒಂದರಲ್ಲಿ ಕಣಜ ಗೂಡು ಕಟ್ಟಿದೆ. ದ್ಯಾಮವ್ವ ಮತ್ತೆ ಒಳಗೆ ಬಂದು ಕೂತು ಹೋಗುತ್ತಾಳೆ, ಆದರೆ ಬೇಗ ಏಳುತ್ತಾಳೆ. ನನ್ನನ್ನು ಮುಚ್ಚಿದ್ದಕ್ಕೆ ಕಾಶವ್ವ ಅಷ್ಟು ದಿನ ಬದುಕಿದಳೋ, ಮುಚ್ಚಿದ್ದಕ್ಕೇ ಹೋದಳೋ, ನನಗೆ ಇಂದಿಗೂ ಗೊತ್ತಿಲ್ಲ. ಅಡಿವೆಪ್ಪನಿಗೂ ಗೊತ್ತಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತದೆ.

ರೈಲು ಕೂಗಿದರೆ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾನೆ. ನನ್ನನ್ನು ಮುಚ್ಚಿ ಕಾಯುತ್ತಾನೆ. ಕೊನೆಯ ಡಬ್ಬಿ ದಾಟಿದ ಕೂಡಲೇ ತೆಗೆದು, ಒಂದು ಚಕ್ಕಡಿ ಸಾಗಿ ಹೋಗುವಷ್ಟು ಹೊತ್ತು ಪಕ್ಕಕ್ಕೆ ಸರಿದು ನನ್ನನ್ನು ಹಿಡಿದುಕೊಂಡು ನಿಲ್ಲುತ್ತಾನೆ. ದಾರಿಯಲ್ಲಿ ಯಾರೂ ಇರುವುದಿಲ್ಲ.

"ಎಲ್ಲಾರೂ ದಾಟಿದ್ರು, ಕಾಶಿ," ಎಂದು ಮನೆಯ ಕಡೆ ಮುಖ ಮಾಡಿ ಹೇಳುತ್ತಾನೆ. ಆಮೇಲೆ ನನ್ನನ್ನು ತೆರೆದೇ ಬಿಟ್ಟು ಒಳಗೆ ಹೋಗುತ್ತಾನೆ.